ಟೊಪ್ಪಿಗೆ ಹೊರಗಿಟ್ಟ ಅಂಬಲಿ

ಜೋಳದ ಅಂಬಲಿ ತಳ ಹಿಡಿದ ವಾಸನೆ ನಿಮಗೆ ಗೊತ್ತಲ್ಲ? ಇವತ್ತು ಬೆಳಿಗ್ಗೆ ಆ ಪುಣ್ಯಕಾರ್ಯ ಮತ್ತೆ ನನ್ನ ಕೈಯಿಂದಲೇ ಆಯಿತು. ಒಲೆ ಆರಿಸುವುದನ್ನೂ ಮರೆತು, ಮನಸ್ಸು ಬನಹಟ್ಟಿಯ ನಮ್ಮ ಅಂಗಳಕ್ಕೆ ಹೋಗಿಬಿಟ್ಟಿತು.

ಮುಂಬಯಿ ಸರಕಾರದ ಕಾಲ. ನಾನು ಸೊಸೆಯಾಗಿ ಬಂದ ಹೊಸದು. ನೂಲು ಸಿಗದೆ ಮಗ್ಗಗಳು ನಿಂತಿದ್ದವು. ಹಗಲಿಡೀ ಲಟಕ್ ಲಟಕ್ ಎನ್ನುವ ಊರು ಸುಮ್ಮನಾದಾಗ, ನಡುಮಧ್ಯಾಹ್ನವೂ ಮಂದಿ ನಿದ್ದೆಯಲ್ಲಿ ನಡೆಯುವಂತೆ ಕಾಣುತ್ತಿದ್ದರು. ನೇಕಾರರ ಮಕ್ಕಳಿಗೆಂದು ಅತ್ತೆ ಗಂಗವ್ವ ಅಂಗಳದಲ್ಲಿ ಅಂಬಲಿಯ ಒಲೆ ಹೂಡಿದರು. ಸಾವಳಗಿಯ ಕಡೆಯಿಂದ ಜೋಳ ಬರುತ್ತಿತ್ತು. ತಳ ಹಿಡಿಸುವುದಷ್ಟೇ ನನ್ನ ಪಾಲಿನ ಸಮಾಜಸೇವೆ.

ಅಷ್ಟರಲ್ಲಿ ಚುನಾವಣೆ ಬಂತು. ಮಾವನವರೇ ನಿಂತರು. ಓಟಿನ ಆಸೆಗೆ, ಬಡಿಸಲು ಎಲ್ಲ ಪಕ್ಷಗಳ ಟೊಪ್ಪಿಗೆಗಳೂ ಮುಂದಾದವು.

"ಬಡಸೂಮುಂದ ನನ್ನ ಹೆಸರು ಒಂದೀಟು ಹೇಳಿದ್ರ ಏನಾತು?" ಎಂದರು ಮಾವ.

"ನಿಮ್ಮ ಹೆಸರು ಹಾಕಿದ್ರ ಅಂಬ್ಲಿ ಗಟ್ಟಿ ಆಕ್ಕೈತೇನ್ರಿ?" ಎಂದರು ಅತ್ತೆ.

ಟೊಪ್ಪಿಗೆ ಹೊರಗಿಟ್ಟವರೇ ಸೌಟು ಹಿಡಿಯಬೇಕೆಂದು ಕಟ್ಟಳೆಯನ್ನೂ ಮಾಡಿದರು. ಎಡವಿದ್ದು ಅಲ್ಲೇ. ನಮ್ಮ ಕಡೆ ಗಂಡಸರು ಬರಿತಲೆಯಲ್ಲಿ ನಿಲ್ಲುವುದು ಸಾವಿನ ಮನೆಯಲ್ಲಿ. ಹಿರಿಯ ನೇಕಾರರೊಬ್ಬರು ಸಿಡಿದರು: "ಏನಬೇ, ಯಾರರ ಸತ್ತಾರೇನು?" ಅತ್ತೆ ನಾಲಿಗೆ ಕಚ್ಚಿಕೊಂಡರು. ಮಗ್ಗದಲ್ಲಿ ಅರ್ಧಕ್ಕೇ ನಿಂತಿದ್ದ ಬಿಳಿ ಅರಿವೆ ಕೊಯ್ದು, ಎಲ್ಲರ ತಲೆಗೂ ಒಂದೊಂದು ತುಂಡು ಸುತ್ತಿಸಿದರು. ಒಲೆಯ ಹೊಗೆಯಲ್ಲಿ ಯಾರು ಯಾವ ಪಕ್ಷ, ಮಾವ ಯಾರು ಎಂಬುದೇ ತಿಳಿಯುತ್ತಿರಲಿಲ್ಲ.

ಮಾವ ಸೋತರು. ಮರುದಿನ ಕೆಳಗಿನ ಓಣಿಯ ಮಕ್ಕಳು ಬರಲಿಲ್ಲ. ಎದುರಾಳಿಗೆ ಓಟು ಹಾಕಿದ ಓಣಿ ಅದು. ಯಾವ ಮುಖ ಹೊತ್ತು ಬಂದಾರು? ಗೋಡೆಯ ಕಡೆ ಹೊರಳಿ ಮಲಗಿದ್ದ ಮಾವನ ಹತ್ತಿರ ಅತ್ತೆ ಹೋಗಿ ನಿಂತರು.

"ನಾ ಕರದ್ರ ಬರೂದಿಲ್ಲ. ನೀವ ಹೋಗಬೇಕು."

"ನನ್ನ ಸೋಲಿಸಿದವ್ರ ಮನಿಗೆ?"

"ಹಸದ ಹುಡುಗ್ರ ಮನಿಗ್ರಿ."

ಮಾವ ಗೋಡೆ ಬಿಟ್ಟು ಈ ಕಡೆ ಹೊರಳಿದರು. ಆಮೇಲೆ ಎದ್ದರು, ಅಂಬಲಿಯ ಕೊಡ ಹೆಗಲಿಗೇರಿಸಿ ನಡೆದರು. ಸೌಟು ಹಿಡಿದು ಹಿಂದೆ ನಾನು. ಮೊದಲ ಬಾಗಿಲಲ್ಲೇ ಮನೆಯೊಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು: "ನಿಮ್ಮದು ಉಂಡು ಬ್ಯಾರೆಯವ್ರಿಗೆ ಹಾಕೀವ್ರಿ."

"ಅಂಬ್ಲಿಗೂ ಓಟಿಗೂ ಗಂಟು ಹಾಕಬ್ಯಾಡ ತಂಗಿ. ನಾನೂ ಆ ಗಂಟು ಹಾಕಿದ್ದೆ, ಖರೆ. ಹುಡುಗ್ರನ್ನ ಕರಿ."

ಇಷ್ಟು ವರ್ಷ ಇದನ್ನು ಅತ್ತೆಯ ದಿಟ್ಟತನದ ಕತೆಯೆಂದೇ ಹೇಳುತ್ತ ಬಂದೆ. ಇವತ್ತು ಮೊದಲ ಸಲ ಮಾವನಿಗಾಗಿ ಕಣ್ಣು ತುಂಬಿತು. ಸೋತ ಮರುದಿನ, ಹಾಡುಹಗಲು, ಊರೆಲ್ಲ ನೋಡುತ್ತಿರುವಾಗ ಆ ಓಣಿ ಇಳಿದರು. ನಾನಾಗಿದ್ದರೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ.