ಪರದೆಯ ಹಿಂದಿನ ಗದ್ದೆ

ಸೊರಬದ ಮಿಡ್ಲ್ ಸ್ಕೂಲಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಶಿಕಾರಿಪುರದ ಕಡೆಯವರು; ನನ್ನದು ಸೊರಬದ ಹತ್ತಿರದ ಉಳವಿ. ಮಕ್ಕಳು ಎರಡು ಗುಡ್ಡದ ನಡುವೆ ಸೂರ್ಯನನ್ನು ಬರೆದು ತಂದರೆ ಕಿಟಕಿಯತ್ತ ಕೈ ಮಾಡಿ, "ಇದ್ದಂಗ ನೋಡ್ರಪ್ಪ" ಅನ್ನುತ್ತಿದ್ದರು.

ಅವರ ಪೆಟ್ಟಿಗೆಯಲ್ಲಿ ಹಳೆಯ ಪತ್ರಿಕೆಯಿಂದ ಕತ್ತರಿಸಿಟ್ಟ ಆಸ್ಟ್ರೇಲಿಯಾದ ಒಂದು ಚಿತ್ರವಿತ್ತು. ಒಣಹುಲ್ಲು, ನೀಲಗಿರಿ ಮರ, ಉರಿಬಿಸಿಲು. "ಅಲ್ಲಿಗೆ ಹೋದ ಬಿಳಿಯರು ಭಾಳ ವರ್ಷ ಆ ಮರಾನ ತಮ್ಮೂರಿನ ಮರದಂಗ ಬರೆದ್ರಂತ. ಆಮ್ಯಾಲೆ ಯಾರೋ ಬಿಸಿಲಾಗ ಕುಂತು ಇದ್ದಂಗ ಬರೆದ್ರು, ಕವಿಗಳು ಹಾಡಿದ್ರು. ಆವಾಗ ನೋಡ್ರೀ, ಜನ ಇದು ನಮ್ಮ ನಾಡು ಅಂದ್ರು" ಎಂದು ನನಗೆ ಎಷ್ಟು ಸಲ ಹೇಳಿದ್ದರೋ. ಕೇಳಲು ಅವರಿಗೆ ಬೇರೆ ಯಾರೂ ಇರಲಿಲ್ಲ.

ಆಗ ರಾಜ್ಯ ಒಂದಾದ ಹೊಸತು. ವಾರ್ಷಿಕೋತ್ಸವಕ್ಕೆ 'ನಮ್ಮ ನಾಡು' ಎಂಬ ನಾಟಕವಿತ್ತು. ಹಿಂದಿನ ಪರದೆಯನ್ನು ಅವರು ತಿಂಗಳಿಡೀ ಬರೆದರು. ಬಿಚ್ಚಿದಾಗ ಕಂಡದ್ದು ಕೊಯ್ಲಾದ ಗದ್ದೆ, ಕೆಮ್ಮಣ್ಣಿನ ದಾರಿ, ನಾಲ್ಕು ಬೆಳ್ಳಕ್ಕಿ.

"ಇದೇನ್ರೀ ಮೇಷ್ಟ್ರೇ, ನಾಡು ಅಂದ್ರೆ ಒಂದು ಜಲಪಾತ, ಒಂದು ಗೋಪುರ ಬ್ಯಾಡ್ವ?" ಎಂದರು ಹೆಡ್‌ಮಾಸ್ತರರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಡಿಗೆಗೆ ತಂದ, ಅರಮನೆಯ ಚಿತ್ರವಿದ್ದ ಪರದೆಯನ್ನು ಅದರ ಮುಂದೆ ಇಳಿಬಿಟ್ಟರು.

ನಾಟಕ ನಡೆಯುವಾಗ ಹಿಂದಕ್ಕೆ ಹೋದೆ. ಎರಡು ಪರದೆಗಳ ನಡುವಿನ ಇಕ್ಕಟ್ಟಿನಲ್ಲಿ ಮೇಷ್ಟ್ರು ಒಬ್ಬರೇ ಸ್ಟೂಲಿನ ಮೇಲೆ ಕೂತು ತಮ್ಮ ಚಿತ್ರ ನೋಡುತ್ತಿದ್ದರು.

"ನೀವು ಉಳವಿಯವರಲ್ಲೇನ್ರೀ. ಇದು ಯಾವ ಜಾಗ, ಗುರ್ತು ಸಿಗ್ತದೇನ್ರೀ?"

ಹೆಡ್‌ಮಾಸ್ತರರು ಪರದೆಯ ಅಂಚಿನಲ್ಲೇ, ನಮ್ಮ ಮಾತು ಕೇಳಿಸುವಷ್ಟು ಹತ್ತಿರ ನಿಂತಿದ್ದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

"ಇಲ್ರೀ" ಅಂದೆ.

ಅದು ನಮ್ಮದೇ ಗದ್ದೆ. ಚಿತ್ರದ ಬದುವಿನ ಮೇಲೆ ನಮ್ಮಪ್ಪ ಬಿಚ್ಚಿಟ್ಟ ಕಂಬಳಿಯೂ ಇತ್ತು.