ನಮ್ಮವರ ಹೆಸರು, ರಶಿಯನ್ನರ ಸ್ಪುತ್ನಿಕ್

ಧಾರವಾಡದಿಂದ ಬರೋಡಾಕ್ಕೆ ಬಂದಾಗ ನನಗೆ ಗುಜರಾತಿ ಬರುತ್ತಿರಲಿಲ್ಲ, ಹಿಂದಿ ಅಷ್ಟಕ್ಕಷ್ಟೇ. ಆದರೆ ಅರವತ್ತರ ದಶಕದಲ್ಲಿ ಎಲ್ಲರಿಗೂ ಗೊತ್ತಿದ್ದ ಹಾಗೆ ನನಗೂ ಒಂದು ರಶಿಯನ್ ಶಬ್ದ ಗೊತ್ತಿತ್ತು: ಸ್ಪುತ್ನಿಕ್. ಆಕಾಶದಲ್ಲಿ ಭೂಮಿ ಸುತ್ತುವ ಯಂತ್ರ. ಮುಗೀತು. ಅದಕ್ಕೆ ಬೇರೆ ಅರ್ಥ ಇದೆಯೋ ಇಲ್ಲವೋ ಅಂತ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ನಮ್ಮವರು ಕೆಡಿಸಿಕೊಂಡರು. ಊರ ಹೊರಗೆ ಎಣ್ಣೆ ಶುದ್ಧ ಮಾಡುವ ದೊಡ್ಡ ಕಾರ್ಖಾನೆ ಏಳುತ್ತಿತ್ತು, ಅಲ್ಲಿ ಇವರು ಪೈಪು ಜೋಡಿಸುವವರ ಮೇಲೆ ಸೂಪರ್‌ವೈಸರ್. ರಶಿಯನ್ ಇಂಜಿನಿಯರುಗಳ ಜೊತೆ ಕೆಲಸವಲ್ಲವೇ, ಸಂಜೆ ಕ್ಲಾಸಿಗೆ ಹೋಗಿ ಆ ಭಾಷೆ ಕಲಿತರು. ಕಲಿತದ್ದನ್ನೆಲ್ಲ ರೊಟ್ಟಿ ಬಡಿಯುತ್ತಿದ್ದ ನನ್ನ ಮುಂದೆ ಕೂತು ಒಪ್ಪಿಸುತ್ತಿದ್ದರು.

"ಸ್ಪುತ್ನಿಕ್ ಅಂದ್ರ ಬರೇ ಯಂತ್ರ ಅಲ್ಲ, ತಿಳೀತಿಲ್ಲೋ? ಆ ಶಬ್ದದಾಗ ದಾರಿ ಐತಿ. ನಮ್ಮ ಜೋಡಿ ದಾರಿ ನಡಿಯಾಂವ ಸ್ಪುತ್ನಿಕ್. ರೈಲಿನ್ಯಾಗ ಬಾಜೂಕ ಕುಂತಾಂವನೂ ಸ್ಪುತ್ನಿಕ್. ಚಂದ್ರ ಭೂಮಿಗೆ ಸ್ಪುತ್ನಿಕ್."

"ನನಗ ಈ ಹಂಚ ಸ್ಪುತ್ನಿಕ್ ಆಗೇತ್ರಿ. ಸರೀರಿ ಆಚಿಗೆ, ರೊಟ್ಟಿ ಸುಡಾಕ ಹತ್ತೇತಿ."

ನಾವಿದ್ದದ್ದು ಬರೋಡಾದ ಗೋರ್ವಾ ಬಡಾವಣೆಯಲ್ಲಿ. ಎದುರಿನ ಮಾಳಿಗೆಯ ಮೇಲೆ ಒಬ್ಬ ರಶಿಯನ್ ಇಂಜಿನಿಯರನ ಹೆಂಡತಿ ಇದ್ದಳು. ನನಗಿಂತ ದೊಡ್ಡವಳು, ಗಟ್ಟಿಗಿತ್ತಿ. ಅವಳ ಹಿಂದಿ ನನ್ನ ಹಿಂದಿಗಿಂತ ಹರುಕು, ಹಾಗಾಗಿ ನಮಗೆ ಚೆನ್ನಾಗಿ ಹೊಂದಿಕೆಯಾಯಿತು. ಮೊದಲ ದಿನವೇ ಕೇಳಿದಳು, ನಿನ್ನ ಗಂಡನ ಹೆಸರೇನು? ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ನಮ್ಮ ಕಡೆ ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದು, ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅಂತ ನಮ್ಮವ್ವ ಹೇಳಿ ಕಳಿಸಿದ್ದಳು. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಕಾಡಿದರೆ ಒಡಪು ಹಾಕಿ, ಪ್ರಾಸದ ನಡುವೆ ಹೆಸರು ಅಡಗಿಸಿ ಹೇಳಬೇಕು, ಅಷ್ಟೇ. ನಾನು ಹೇಳಿದ್ದು ಅದೊಂದೇ ಸಲ, ಮದುವೆಯಲ್ಲಿ.

"ಹಾಗಾದರೆ ಕರೆಯುವುದು ಹೇಗೆ?" ಅಂದಳು.

"ರೀ ಅಂತ."

ನಕ್ಕೂ ನಕ್ಕೂ ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ, ಇರಲಿ ಬಿಡು, ನಮ್ಮಲ್ಲಿ ಗಂಡನಿಗೆ ಬಾಳಿನ ಸ್ಪುತ್ನಿಕ್ ಅಂತಲೂ ಅನ್ನುತ್ತಾರೆ, ನೀನು ಹಾಗೇ ಅನ್ನು, ಅಂದಳು. ಹೆಂಗಸಾದರೆ ಸ್ಪುತ್ನಿತ್ಸಾ ಅಂತೆ. ದಿನಾ ಸಂಜೆ ಮಾಳಿಗೆಯಿಂದ, "ಸ್ಪುತ್ನಿಕ್ ಬಂದನಾ?" ಅಂತ ಕೂಗುವಳು. ಬಂದರು ಅಂತ ಕೈ ಆಡಿಸುವೆ. ಹೆಸರಿನ ಉಸಾಬರಿ ತಪ್ಪಿತಲ್ಲ ಅಂತ ನನಗೂ ಹಾಯೆನಿಸಿತ್ತು.

ಒಂದು ಮಧ್ಯಾಹ್ನ ಅವಳೇ ಓಡಿ ಬಂದಳು. ಕಾರ್ಖಾನೆಯಲ್ಲಿ ಕೆಲಸಕ್ಕೆ ಕಟ್ಟಿದ್ದ ಅಟ್ಟಣಿಗೆ ಕುಸಿದಿದೆ, ನಿನ್ನ ಸ್ಪುತ್ನಿಕ್ ಅದರ ಮೇಲೇ ಇದ್ದನಂತೆ, ನನ್ನ ಗಂಡ ಹೇಳಿ ಕಳಿಸಿದ್ದಾನೆ. ಹಿಟ್ಟಿನ ಕೈಯಲ್ಲೇ ಅವಳ ಜೊತೆ ಆಸ್ಪತ್ರೆಗೆ ಟಾಂಗಾ ಹತ್ತಿದೆ.

ಆಸ್ಪತ್ರೆಯ ಬಾಗಿಲಲ್ಲಿ ಮೇಜಿನ ಹಿಂದೆ ನರ್ಸು ಕೂತಿದ್ದಳು. ಇಬ್ಬರನ್ನು ತಂದಿದ್ದಾರೆ, ಅಂದಳು. ಒಬ್ಬರಿಗೆ ಪೆಟ್ಟಾಗಿದೆ. ಒಬ್ಬರು ದಾರಿಯಲ್ಲೇ ಹೋದರು. ನಿಮ್ಮವರ ಹೆಸರು ಹೇಳಿ.

ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಧಾರವಾಡದವರು ಅಂದೆ. ಎತ್ತರ ಇದ್ದಾರೆ, ಮೀಸೆ ಇದೆ ಅಂದೆ. "ಇಬ್ಬರಿಗೂ ಮೀಸೆ ಇದೆ ಬೆಹೆನ್, ನಾಮ್ ಬತಾವೋ!" ಅಂತ ನರ್ಸು ಸಿಡುಕಿದಳು. ಹಾಳಾದ್ದು, ಹೇಳಿದರೆ ಇದ್ದ ಜೀವವೂ ಹೋದರೆ? ಹೇಳದಿದ್ದರೆ ತಿಳಿಯುವುದು ಹೇಗೆ? ರಶಿಯನ್ ಗೆಳತಿಯ ಕಡೆ ತಿರುಗಿದೆ. ಪಾಪ, ಅವಳಿಗೇನು ಗೊತ್ತು, ಅವಳ ಪಾಲಿಗೂ ಇವರು ಬರೀ ಸ್ಪುತ್ನಿಕ್. ನನ್ನ ರಟ್ಟೆ ಹಿಡಿದು, "ಹೇಳು," ಅಂದಳು. ಒಡಪು ನೆನಪು ಮಾಡಿಕೊಂಡೆ, ಒಂದಕ್ಷರ ಬರಲಿಲ್ಲ. ಕಣ್ಣು ಮುಚ್ಚಿ ಬರೀ ಹೆಸರನ್ನೇ ಒದರಿಬಿಟ್ಟೆ. ಇಲ್ಲಿ ಬರೆಯುವುದಿಲ್ಲ, ಕೇಳಬೇಡಿ.

"ಒಳಗಿದ್ದಾರೆ, ಕಿಟಕಿ ಪಕ್ಕ. ಕಾಲು ಮುರಿದಿದೆ," ಅಂದಳು ನರ್ಸು.

ಕಾಲಿಗೆ ಪಟ್ಟಿ, ಮೈಯೆಲ್ಲ ಧೂಳು. ಆದರೂ ಬಾಯಿಗೇನೂ ಆಗಿರಲಿಲ್ಲ. "ಹೊರಗ ನನ್ನ ಹೆಸರು ಒದರಿದಾಕಿ ನೀನ ಏನು? ಒಡಪು ಎಲ್ಲಿ ಹೋತು?"

"ನಿಮ್ಮ ಒಡಪಿಗೆ ಬೆಂಕಿ ಹತ್ತಲಿ," ಅಂತ ಬೈದು, ಮಂಚದ ಕಟ್ಟು ಹಿಡಿದುಕೊಂಡು ಅತ್ತೆ. ಅವರು ನೀರು ಕೇಳಿದರು. ತರಲು ತಂಬಿಗೆ ಹಿಡಿದು ಹೊರಗೆ ಬಂದೆ.

ಮೇಜಿನ ಮುಂದೆ ಒಬ್ಬ ಹುಡುಗಿ ನಿಂತಿದ್ದಳು. ಗುಜರಾತಿ ಹೆಣ್ಣುಮಗಳು, ಗಲ್ಲದ ತನಕ ಮುಸುಕು, ಕೈತುಂಬ ಹೊಸ ಬಳೆ. ನರ್ಸು ಹೆಸರು ಕೇಳಿದಳು. ಹುಡುಗಿ ತಲೆ ಅಲ್ಲಾಡಿಸಿದಳು. ಅವರಲ್ಲೂ ಗಂಡನ ಹೆಸರು ಹೇಳುವುದಿಲ್ಲ. ನರ್ಸು ಮತ್ತೆ ಕೇಳಿದಳು. ಈ ಸಲ ಅವಳ ದನಿಯಲ್ಲಿ ಸಿಡುಕಿರಲಿಲ್ಲ, ಮೆತ್ತಗೆ ಕೇಳಿದಳು. ಹುಡುಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಸುಮ್ಮನೆ ನಿಂತೇ ಇದ್ದಳು.

ಒಳಗೆ ಬದುಕಿದ್ದವರು ನನ್ನವರು. ಅವಳು ಬಾಯಿ ತೆರೆಯದೆ ನಿಂತಷ್ಟು ಹೊತ್ತು ಅವಳ ಪಾಲಿಗೆ ಅವಳ ಗಂಡನೂ ಬದುಕಿದ್ದ. ಅವಳ ಭಾಷೆ ನನಗೆ ಬರುತ್ತಿರಲಿಲ್ಲ. ತಂಬಿಗೆ ಕೆಳಗಿಟ್ಟೆ, ಹೋಗಿ ಅವಳ ಪಕ್ಕದಲ್ಲಿ ನಿಂತೆ.