ಡಬ್ಬಿ ತುಳಿದ ಗಾಳಿ

ಗಾಳಿ ಎಲ್ಲವನ್ನೂ ಸದಾ ಒತ್ತುತ್ತಲೇ ಇರುತ್ತದೆ ಎಂದು ಎಷ್ಟು ಹೇಳಿದರೂ ನನ್ನ ಏಳನೇ ತರಗತಿಯವರು ನಂಬಲಿಲ್ಲ. ಕಲಘಟಗಿ ಕಡೆಯ ಸಣ್ಣ ಶಾಲೆ ನಮ್ಮದು. ಬಿಸಿಯೂಟದ ಕೋಣೆಯ ಬಾಜು ಇದ್ದ ಖಾಲಿ ಎಣ್ಣೆ ಡಬ್ಬಿ ಎತ್ತಿಕೊಂಡು ಬಂದೆ. ಒಳಗೆ ಸ್ವಲ್ಪ ನೀರು ಹಾಕಿ, ತರಗತಿಗೆ ತಂದಿಟ್ಟಿದ್ದ ಸಣ್ಣ ಒಲೆಯ ಮೇಲೆ ಕುದಿಸಿದೆ. ಉಗಿ ಜೋರಾದ ಕೂಡಲೇ ಇಳಿಸಿ, ಮುಚ್ಚಳ ಬಿಗಿದು, ಮೇಲೆ ತಣ್ಣೀರು ಸುರಿದೆ.

ಏನೂ ಆಗಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು.

ಆಗ ಧಡ್ ಅಂತ ಸದ್ದಾಗಿ ಡಬ್ಬಿ ಕಣ್ಣೆದುರೇ ಮುದುಡಿಕೊಂಡಿತು. ಹುಡುಗರು ಬೆಂಚು ಹತ್ತಿ ಕುಣಿದರು. ಖರೇ ಹೇಳಬೇಕೆಂದರೆ ನಾನೂ ಕುಣಿದೆ.

ಸದ್ದಿಗೆ ಅಡುಗೆಯ ಗಂಗವ್ವ ಸೌಟು ಹಿಡಿದೇ ಓಡಿಬಂದರು.

“ಗಾಣದ ಎಣ್ಣಿ ತರಾಕಂತ ತೊಳದಿಟ್ಟಿದ್ದೆ. ಯಾಂವಲೇ ತುಳದಾಂವ?”

“ಗಾಳಿರಿ ಅಕ್ಕಾರ,” ಎಂದಿತು ಇಡೀ ಕ್ಲಾಸು.

ಸೌಟು ಮೇಲೆದ್ದಿತು. ಅಷ್ಟರಲ್ಲಿ, ವರ್ಷವಿಡೀ ಬಾಯಿ ಬಿಡದ ಸವಿತಾ ಮುಂದೆ ಬಂದಳು. “ಉಗಿ ಒಳಗಿನ ಗಾಳಿ ಹೊರಗ ಹಾಕಿತ್ರಿ. ತಣ್ಣೀರಿಗೆ ಉಗಿನೂ ನೀರಾತು, ಒಳಗ ಖಾಲಿ ಆತು. ಹೊರಗಿನ ಗಾಳಿ ಒತ್ತಿಬಿಡ್ತು. ಮುಚ್ಚಳ ಹಾಕಿರಲಿಲ್ಲಂದ್ರ ಗಾಳಿ ಒಳಗೂ ಹೋಗ್ತಿತ್ತು, ಡಬ್ಬಿ ಉಳೀತಿತ್ರಿ.”

ನನಗೆ ಮತ್ತೊಮ್ಮೆ ಕುಣಿಯಬೇಕೆನಿಸಿತು. ಗಂಗವ್ವ ಡಬ್ಬಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಒತ್ತಿದ್ದು ಗಾಳಿನ ಇರಬೋದ್ರಿ ಸರ. ಮುಚ್ಚಳ ಹಾಕಿದವರು ಯಾರ್ರಿ?”

ಹೊಸ ಡಬ್ಬಿ ತಂದುಕೊಟ್ಟೆ. ಈಗಲೂ ಅವರ ಕೋಣೆಯ ಹೊರಗೆ ಖಾಲಿ ಡಬ್ಬಿಗಳು ಬಾಯಿ ತೆರೆದುಕೊಂಡೇ ಒಣಗುತ್ತವೆ. ಮುಚ್ಚಳಗಳು ಗಂಗವ್ವನ ಉಡಿಯಲ್ಲಿರುತ್ತವೆ.